ಮೀಟರಿನ ಮೇಲಿನ ಕಪ್ಪು ಟೇಪು

ಪ್ರೀತಿಯ ಬಂಧುಗಳೇ, ಕೈಯಲ್ಲಿರುವ ಕೆಲಸವನ್ನು ಒಂದಿಷ್ಟು ಹೊತ್ತು ಬದಿಗಿಟ್ಟು ಕೇಳಿ. ಪೋರ್ಟೊ ರಿಕೊದ ದಕ್ಷಿಣ ಕರಾವಳಿಯಲ್ಲಿ, ನಮ್ಮ ಸಾಂತಾ ಇಸಬೆಲ್ ಊರಿನಲ್ಲಿ, ಕಾರು ರಿಪೇರಿ ಮಾಡುವ ಎಲಿಯೂದ್ ಎಂಬವನ ಬಾಳಿನ ಕಥೆಯಿದು. ಇದರಲ್ಲಿ ನೆತ್ತರಿದೆ, ಬೆಂಕಿಯಿದೆ, ಅಣ್ಣನ ಮೇಲೆ ತಮ್ಮನೆತ್ತಿದ ಕೈಯಿದೆ. ಅವನ್ನೆಲ್ಲ ಮೆದುಮಾಡಿ ಹೇಳಹೊರಟರೆ ಅವುಗಳ ನಡುವೆ ದೇವರು ಮಾಡಿದ ಕೆಲಸವನ್ನೂ ಮುಚ್ಚಿಟ್ಟಂತಾಗುತ್ತದೆ.

ಎಲಿಯೂದನ ತಂದೆ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೆ ಕೆಲಸವಿಲ್ಲದೆ ಕೂತವನು. ಹಗಲೆಲ್ಲ ರಮ್ ಕುಡಿಯುತ್ತಿದ್ದ. ಸಂಜೆಗೆ ಸೊಂಟದ ಬೆಲ್ಟು ಬಿಚ್ಚುತ್ತಿದ್ದ. ಬೆಲ್ಟಿಗೆ ಕೈ ಹೋಗುವ ಮುನ್ನ ಅವನ ಎಡಗಿವಿ ಕೆಂಪಾಗುವುದನ್ನು ಮನೆಯಲ್ಲಿ ಎಲಿಯೂದನೊಬ್ಬನೇ ಕಂಡುಕೊಂಡಿದ್ದ. ಕಿವಿಯ ತುದಿ ಕೆಂಪಾದರೆ ಇನ್ನೂ ಸ್ವಲ್ಪ ಸಮಯವಿದೆ; ಬುಡದವರೆಗೆ ಕೆಂಪಿಳಿದರೆ ಸಮಯವಿಲ್ಲ. ತುದಿ ಕೆಂಪಾದದ್ದೇ ತಡ, ಅವನು “ಕಿವಿ ಕೆಂಪಾಯ್ತು” ಎಂದು ಪಿಸುಗುಟ್ಟಿ ತಮ್ಮ ನೆಫ್ತಾಲಿಯನ್ನು ಮಂಚದ ಕೆಳಗೆ ತಳ್ಳಿ, ತಾನು ಮಂಚಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಬೆಲ್ಟಿನ ಕೊಂಡಿ ಬಡಿದು ಅವನ ಮುಂಬಲ್ಲು ಮುರಿದದ್ದು ಹಾಗೆ ನಿಂತಾಗಲೇ. ಆದರೂ ಬಾಲ್ಯವಿಡೀ ನೆಫ್ತಾಲಿಯ ಮೈಮೇಲೆ ಒಂದು ಬಾಸುಂಡೆಯೂ ಏಳಲಿಲ್ಲ. ಎಲಿಯೂದನಿಗೆ ಬದುಕಿನಲ್ಲಿ ಹೆಮ್ಮೆಯೆಂದು ಇದ್ದದ್ದು ಅದೊಂದೇ.

ದೊಡ್ಡವರಾದ ಮೇಲೆ ಅಣ್ಣತಮ್ಮಂದಿರು ಸೇರಿ ಗ್ಯಾರೇಜು ತೆರೆದರು. ಹಳೆಯ ಜಪಾನೀ ಕಾರೊಂದನ್ನು ತಂದು, ಅದರ ಪುಟ್ಟ ಎಂಜಿನ್ನಿಗೆ ಟರ್ಬೊ ಕೂರಿಸಿ, ಅದು ತಾಳಬಲ್ಲುದಕ್ಕಿಂತ ಹೆಚ್ಚು ಗಾಳಿಯನ್ನು ಅದರೊಳಕ್ಕೆ ತುರುಕಿ, ಶನಿವಾರದ ನೇರ ಓಟಗಳಿಗೆ ಒಯ್ಯತೊಡಗಿದರು. ನಮ್ಮ ಓಟಗಾರರಲ್ಲಿ ಒಂದು ರೂಢಿಯುಂಟು. ಎಂಜಿನ್ನಿಗೆ ಎಷ್ಟು ಪೌಂಡು ಗಾಳಿ ಒತ್ತುತ್ತಿದ್ದೇವೆಂಬುದನ್ನು ಎದುರಾಳಿ ಕಿಟಕಿಯಲ್ಲಿ ಇಣುಕಿ ಓದದಂತೆ ಮೀಟರುಗಳ ಮೇಲೆ ಕಪ್ಪು ಟೇಪು ಅಂಟಿಸುತ್ತಾರೆ. ಗಾಳಿಯ ಮೀಟರೊಂದನ್ನು ಮುಚ್ಚಿದರೆ ಸಾಕು. ಆದರೆ ಆತುರದಲ್ಲಿ ಸಾಲಿಗೆ ಸಾಲನ್ನೇ ಮುಚ್ಚಿಬಿಡುತ್ತಾರೆ.

ಒಂದು ಶನಿವಾರ ಎಲಿಯೂದನೂ ಹಾಗೆಯೇ ಮುಚ್ಚಿದ್ದ. ಸ್ಟೀರಿಂಗ್ ಹಿಡಿದವನು ಅವನು. ಕಾರನ್ನು ಗೆರೆಗೆ ನೇರ ಮಾಡಲು ಕೈಸನ್ನೆ ಕೊಡುತ್ತ ಮುಂದೆ ನಿಂತವನು ನೆಫ್ತಾಲಿ. ಎಣ್ಣೆಯ ಒತ್ತಡ ಕುಸಿಯುತ್ತಿದೆಯೆಂದು ಮೀಟರಿನ ಮುಳ್ಳು ತೋರಿಸುತ್ತಲೇ ಇತ್ತು. ಆದರೆ ತೋರಿಸಿದ್ದು ಟೇಪಿಗೆ. ಎಂಜಿನ್ನಿನೊಳಗಿನ ಉಕ್ಕಿನ ತೋಳೊಂದು ಮುರಿದು, ಕಬ್ಬಿಣದ ಗೋಡೆಯನ್ನು ಸೀಳಿಕೊಂಡು ಹೊರಬಂತು. ಅದರ ಹಿಂದೆಯೇ ಚಿಮ್ಮಿದ ಕಾದ ಎಣ್ಣೆಗೆ ಬೆಂಕಿ ಹತ್ತಿ, ಅದು ನೆಫ್ತಾಲಿಯ ಮುಖದ ಬಲಗಡೆಗೆ, ಬಲಗೈಗೆ ಮೆತ್ತಿಕೊಂಡಿತು. ಅವನ ಬಲಗಣ್ಣು ಹೋಯಿತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡು ವಾಸಿಯಾದವು.

ಆಸ್ಪತ್ರೆಯಿಂದ ಮರಳಿದ ನೆಫ್ತಾಲಿ ಗ್ಯಾರೇಜಿನ ಬಾಗಿಲಲ್ಲಿ ನಿಂತು ಹೇಳಿದ್ದಿಷ್ಟೆ: “ಹೊಸ ಎಂಜಿನ್ ಕಟ್ಟು. ಸುಟ್ಕೊಂಡೋನು ನಾನು, ಇನ್ಮೇಲೆ ಓಡಿಸೋನೂ ನಾನೇ.”

“ಬೇಡ ಕಣೋ.”

“ಬೇಡ ಅನ್ನೋಕೆ ಬಾಯಾದ್ರೂ ಹೇಗೆ ಬರುತ್ತೆ ನಿಂಗೆ?”

ಎಲಿಯೂದ್ ಎಂಜಿನ್ ಕಟ್ಟಿದ. ಬಳಿಕ ಮೀಟರು ಆರಿಸಲು ಪೊನ್ಸೆ ಪಟ್ಟಣಕ್ಕೆ, ಬಿಡಿಭಾಗ ಮಾರುವ ಸೊರಾಯ್ದಾಳ ಅಂಗಡಿಗೆ ಹೋದ. ಈ ಸಲ ಮುಳ್ಳಿನ ಮೀಟರು ಬೇಡ, ಡಿಜಿಟಲ್ ಬೇಕೆಂದ. ಅವಳು ಇದ್ದಬದ್ದವನ್ನೆಲ್ಲ ಹೊರತೆಗೆದು ಕರೆಂಟು ಕೊಟ್ಟು ಹಚ್ಚಿದಳು. ಎಲಿಯೂದ್ ಸ್ಟೂಲಿನ ಮೇಲೆ ಸ್ಟೀರಿಂಗಿನ ಮುಂದೆ ಕೂರುವಂತೆ ಕೂತು, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಒಂದೊಂದನ್ನೂ ದಿಟ್ಟಿಸತೊಡಗಿದ.

“ಯಾರಿಗೋ ಕಣ್ಣು ಹೊಡೀತಿರೋದು, ಎಲಿಯೂದ್? ನಂಗೆ ಮೊಮ್ಮಕ್ಕಳಿದ್ದಾರಪ್ಪಾ.”

“ತಮ್ಮನ ಕಣ್ಣಲ್ಲಿ ನೋಡ್ತಿದ್ದೀನಿ, ದೊಡ್ಡಮ್ಮ.”

ಸೊರಾಯ್ದಾ ಮತ್ತೆ ನಗಲಿಲ್ಲ. ಎಲ್ಲವನ್ನೂ ಒಂದೇ ಪರದೆಯಲ್ಲಿ ಬಣ್ಣಬಣ್ಣವಾಗಿ ತೋರಿಸುವ ಮೀಟರೊಂದನ್ನು ಮುಂದೆ ಸರಿಸಿದಳು. ಒಂಟಿಗಣ್ಣಿಗೆ ಆ ಅಂಕಿಗಳು ಇರುವೆಗಳಂತೆ ಕಂಡವು. ಅವನು ಅದನ್ನು ಬದಿಗಿಟ್ಟ. ಕೂಗಿ ಎಚ್ಚರಿಸುವ ಮೀಟರೂ ಬೇಡ. ಹೆಲ್ಮೆಟ್ಟಿನೊಳಗೆ, ಆ ಗದ್ದಲದಲ್ಲಿ, ಯಾವ ಕೂಗೂ ಕೇಳಿಸದು. ಅಗ್ಗದ್ದೊಂದರಲ್ಲಿ ಅಂಕಿ ಬದಲಾಗಲು ಕಣ್ಣೆವೆ ಮಿಟುಕಿಸುವಷ್ಟು ತಡವಾಗುತ್ತಿತ್ತು. “ಇಷ್ಟರೊಳಗೆ ಎಂಜಿನ್ ಸತ್ತೇ ಹೋಗಿರುತ್ತೆ,” ಎಂದು ಅದನ್ನೂ ಬಿಟ್ಟ. ಕೊನೆಗೆ ಆರಿಸಿದ್ದು ಮೂರು ದುಂಡು ಮೀಟರುಗಳನ್ನು: ಗಾಳಿಗೆ ಒಂದು, ಪೆಟ್ರೋಲು ಗಾಳಿಗಳ ಬೆರಕೆಗೆ ಒಂದು, ಎಣ್ಣೆಯ ಒತ್ತಡಕ್ಕೆ ಒಂದು. ಎಣ್ಣೆಯದಂತೂ ಅಂಗೈಯಗಲ, ಒತ್ತಡ ಕುಸಿದೊಡನೆ ಅದರ ಮುಖವಿಡೀ ಕೆಂಪಾಗುತ್ತಿತ್ತು. ಕೆಂಪಾದ ಆ ಮುಖವನ್ನು ಎಲಿಯೂದ್ ಬಹಳ ಹೊತ್ತು ನೋಡುತ್ತ ಕೂತ. ಮೂರನ್ನೂ ಕಾರಿನ ಮುಂಗಾಜಿನ ಎಡಗಡೆಯ ಕಂಬದ ಮೇಲೆ, ನೆಫ್ತಾಲಿಯ ಉಳಿದ ಕಣ್ಣಿಗೆ ನೇರವಾಗಿ ಕೂರಿಸಿದ. ಅದು ಕಿಟಕಿಗೂ ನೇರವೇ. ಹೊರಗೆ ನಿಂತವರೆಲ್ಲರಿಗೂ ಕಾಣುವಂಥ ಜಾಗ.

ಓಟದ ಶನಿವಾರ ಮಧ್ಯಾಹ್ನ ಡಾಂಬರು ಕಾದು ಬೂಟಿನ ಅಡಿ ಅಂಟುತ್ತಿತ್ತು. ಎದುರಾಳಿ ಗುವಾಯಾಮಾ ಊರಿನ ಓವಿದಿಯೊ. ಒಂದು ಕೈಯಲ್ಲಿ ಕರಿದ ಆಲ್ಕಪುರಿಯಾ ತಿನ್ನುತ್ತ ಬಂದು ನೆಫ್ತಾಲಿಯ ಕಿಟಕಿಗೆ ಮೊಣಕೈಯೂರಿದ.

“ಏನಯ್ಯಾ ಒಂಟಿಗಣ್ಣ, ಕ್ರಿಸ್ಮಸ್ ಇನ್ನೂ ದೂರ ಇದೆ. ಈಗ್ಲೇ ದೀಪ ಹಚ್ಕೊಂಡಿದ್ದೀಯ?” ಗಾಳಿಯ ಮೀಟರಿನ ಅಂಕಿ ಓದಿದ. “ಮೂವತ್ತು ಪೌಂಡು. ಪಾಪ. ನಾನು ನಲವತ್ತು ಹಾಕ್ತೀನಿ ಬಿಡು.”

ಅವನು ಹೋದೊಡನೆ ನೆಫ್ತಾಲಿ ಟೇಪಿನ ಸುರುಳಿ ತೆಗೆದು, ಹಲ್ಲಿನಿಂದ ಹರಿದು, ಮೂರು ಮೀಟರುಗಳ ಮೇಲೂ ಎಳೆದುಬಿಟ್ಟ. ಎಲಿಯೂದ್ ಓಡಿಬಂದು ಕಿಟಕಿಯೊಳಗೆ ಕೈ ಹಾಕಿದ.

“ತೆಗಿ ಅದನ್ನ.”

“ಗಾಳಿ ಕಾಣುತ್ತೆ ಕಣೋ. ಊರೆಲ್ಲ ನಗ್ತಿದೆ.”

“ನಗ್ಲಿ. ಎಣ್ಣೆದಾದ್ರೂ ತೆಗಿ.”

“ಮುಟ್ಟಬೇಡ. ಮುಟ್ಟಿದ್ರೆ ತಲೆ ಒಡೀತೀನಿ.”

ಎಲಿಯೂದ್ ಟೇಪಿಗೆ ಉಗುರು ಹಾಕಿದ. ನೆಫ್ತಾಲಿ ಬಾಗಿಲನ್ನು ಒದ್ದು ಹೊರಬಂದ; ಎಡಗೈಯಲ್ಲಿ ಚಕ್ರ ಬಿಚ್ಚುವ ಸ್ಪ್ಯಾನರ್ ಇತ್ತು. ಆಗ ಎಲಿಯೂದನಿಗೆ ತಮ್ಮನ ಎಡಗಿವಿ ಕಾಣಿಸಿತು. ಸುಡದೆ ಉಳಿದ ಆ ಕಿವಿ ತುದಿಯಿಂದ ಬುಡದವರೆಗೆ, ತಂದೆಯ ಕಿವಿಯಂತೆಯೇ, ಕೆಂಪಾಗಿತ್ತು. ಮೊದಲ ಏಟು ಹುಬ್ಬಿಗೆ ಬಿತ್ತು. ಚರ್ಮ ಬಿರಿದು ಬಿಳಿಯ ಮೂಳೆ ತೋರಿ, ಮರುಗಳಿಗೆ ನೆತ್ತರಿನಿಂದ ಮುಚ್ಚಿಹೋಯಿತು. ಎರಡನೆಯ ಏಟಿಗೆ ಪಕ್ಕೆಲುಬು ಮುರಿದ ಸದ್ದು ಸುತ್ತ ನಿಂತವರಿಗೂ ಕೇಳಿಸಿತು. ಬಿಡಿಸಲು ಯಾರೂ ಮುಂದೆ ಬರಲಿಲ್ಲ; ಒಡಹುಟ್ಟಿದವರ ನಡುವೆ ಕೈ ಹಾಕಬಾರದೆಂದು ಹಿಂದೆ ಸರಿದರು. ಎಲಿಯೂದ್ ಮಾತ್ರ ಕಿಟಕಿಯ ಚೌಕಟ್ಟಿಗೆ ಎದೆಯೊತ್ತಿ, ಮೂರನೆಯ ಏಟನ್ನೂ ಬೆನ್ನಿಗೆ ತೆಗೆದುಕೊಂಡು, ಟೇಪನ್ನು ಕೊನೆಯ ತುಣುಕಿನವರೆಗೆ ಕಿತ್ತ. ಆಮೇಲೆ ಕುಸಿದ.

ಗೆರೆಗೆ ಬರುವಂತೆ ಕರೆ ಬಂತು. ನೆಫ್ತಾಲಿ ಸ್ಪ್ಯಾನರನ್ನೆಸೆದು, ಕೆಳಗೆ ಬಿದ್ದವನತ್ತ ನೋಡದೆ ಕಾರು ಹತ್ತಿದ.

ಹಸಿರು ದೀಪ ಬಿದ್ದಾಗ ಎಲಿಯೂದ್ ಒಂದು ಕಣ್ಣಿನ ತುಂಬ ನೆತ್ತರು ತುಂಬಿಕೊಂಡು, ಗೆರೆಯ ಬದಿಯಲ್ಲಿದ್ದ ಹಳೆಯ ಟೈರಿಗೆ ಒರಗಿ ಕೂತಿದ್ದ. ತಮ್ಮ ನೋಡುವ ಲೋಕವನ್ನೇ ಅವನೂ ನೋಡುತ್ತಿದ್ದ, ಒಂಟಿಗಣ್ಣಿನಿಂದ. ಎರಡು ಕಾರುಗಳೂ ಸಮಸಮವಾಗಿ ಚಿಮ್ಮಿದವು. ಅರ್ಧ ದಾರಿಯಲ್ಲಿ ನೆಫ್ತಾಲಿ ಮೂತಿಯಷ್ಟು ಮುಂದಿದ್ದ. ಗೆಲ್ಲುತ್ತಿದ್ದ. ಆಗಲೇ ಅವನ ಕಾರಿನ ಮೂತಿ ಕೆಳಗೆ ಬಗ್ಗಿತು; ಎಣ್ಣೆಯ ಮೀಟರು ಕೆಂಪಾದದ್ದೇ ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದ. ಓವಿದಿಯೊ ಬೊಬ್ಬಿಡುವ ಎಂಜಿನ್ನಿನೊಂದಿಗೆ ಅವನನ್ನು ದಾಟಿದ. ಕೊನೆಯ ಗೆರೆ ಮುಟ್ಟುವ ಹೊತ್ತಿಗೆ ಓವಿದಿಯೊನ ಬಾನೆಟ್ಟು ಹಾರಿತು. ತನ್ನದೇ ಎಣ್ಣೆಯ ಮೇಲೆ ಜಾರಿದ ಕಾರು ಅಡ್ಡಲಾಗಿ ತಿರುಗಿ, ಸಿಮೆಂಟು ಗೋಡೆಗೆ ಬಡಿದು, ಮಗುಚಿ, ಮತ್ತೆ ಬಡಿದು ಹತ್ತಿಕೊಂಡಿತು. ಅದರೊಳಗೆ ಮೀಟರುಗಳೆಲ್ಲ ಟೇಪಿನ ಕೆಳಗಿದ್ದವು.

ನಿಧಾನಿಸಿದ್ದರಿಂದಲೇ ನೆಫ್ತಾಲಿ ಎಲ್ಲರಿಗಿಂತ ಮೊದಲು ಅಲ್ಲಿ ತಲುಪಿದ. ಸುಟ್ಟು ಅಂಟಿದ ಕೈಯನ್ನೇ ಒಡೆದ ಗಾಜಿನೊಳಗೆ ತೂರಿಸಿದ. ಆ ಕೈಗೆ ಸೀಟ್ ಬೆಲ್ಟಿನ ಗುಂಡಿ ಒತ್ತಲಾಗಲಿಲ್ಲ. ಓವಿದಿಯೊ ಕಿರುಚುತ್ತಿದ್ದ, ಅವನ ಕಾಲು ಪೆಡಲಿನ ಹಿಂದೆ ನಜ್ಜುಗುಜ್ಜಾಗಿತ್ತು. ಮುರಿದ ಪಕ್ಕೆ ಹಿಡಿದು ಓಡಿಬಂದ ಎಲಿಯೂದ್ ತಮ್ಮನ ತೋಳಿನ ಕೆಳಗೆ ಕೈ ತೂರಿಸಿ ಗುಂಡಿ ಒತ್ತಿದ. ಇಬ್ಬರೂ ಎಳೆದರು. ಬಂದದ್ದು ಮನುಷ್ಯ, ಪಾದ ಒಳಗೇ ಉಳಿಯಿತು. ಓವಿದಿಯೊ ಇಂದು ಊರುಗೋಲಿನ ಮೇಲೆ ನಡೆಯುತ್ತಾನೆ, ಮಕ್ಕಳನ್ನು ಶಾಲೆಗೆ ಬಿಡುತ್ತಾನೆ.

ಹುಬ್ಬಿನ ಹೊಲಿಗೆ ಬಿಚ್ಚಿದ ಮೇಲೆ ಅಣ್ಣತಮ್ಮಂದಿರು ತಮ್ಮ ಎಂಜಿನ್ನನ್ನೂ ಬಿಚ್ಚಿದರು. ಉಕ್ಕಿನ ತೋಳು ತಿರುಗುವ ಜಾಗದ ಲೋಹದ ಹೊದಿಕೆ ಸವೆದು ತಾಮ್ರ ತೋರುತ್ತಿತ್ತು. ಕಾಲು ತೆಗೆಯದಿದ್ದರೆ ಗೆರೆಯ ಆಚೆ ಹತ್ತಿಕೊಳ್ಳುತ್ತಿದ್ದದ್ದು ಎರಡು ಕಾರು. ನೆಫ್ತಾಲಿ ಅದನ್ನು ಬೆರಳಿನಿಂದ ಸವರಿ ನೋಡಿ ಕೇಳಿದ:

“ಅವತ್ತು ನನ್ನ ಕಿವಿ ಕೆಂಪಾಗಿತ್ತಾ?”

“ಹೂಂ.”

“ಬುಡದ ತನಕ?”

“ಬುಡದ ತನಕ.”

“ಮತ್ತೆ ಯಾಕೋ ಓಡ್ಲಿಲ್ಲ, ಅಣ್ಣ?”

ಎಲಿಯೂದ್ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. “ಟೇಪು ಇನ್ನೂ ಪೂರ್ತಿ ಬಂದಿರ್ಲಿಲ್ಲ.”

ನೆಫ್ತಾಲಿ ತಲೆಯನ್ನು ಅಣ್ಣನ ಭುಜಕ್ಕೊತ್ತಿ ಅತ್ತನೆಂದು, ಹೊಸ ಬಿಡಿಭಾಗ ಕೊಡಲು ಅಂದು ಬಂದಿದ್ದ ಸೊರಾಯ್ದಾ ಹೇಳುತ್ತಾಳೆ. ಅತ್ತಿಲ್ಲವೆಂದು ನೆಫ್ತಾಲಿ ಹೇಳುತ್ತಾನೆ. ಈಗ ಅವನು ಸಿಟ್ಟು ಬಂದಾಗಲೆಲ್ಲ ಹೆಂಡತಿಯ ಕಡೆಗೆ ಎಡಗಿವಿ ತಿರುಗಿಸಿ, “ಹೇಗಿದೆ ನೋಡು,” ಎನ್ನುತ್ತಾನೆ. ಕೆಂಪಾಗಿದೆಯೆಂದು ಅವಳು ಹೇಳಿದರೆ ಅಂಗಳಕ್ಕೆ ಹೋಗಿ ಕೂರುತ್ತಾನೆ.

ಪ್ರಿಯರೇ, ಪ್ರತಿಯೊಬ್ಬರೊಳಗೂ ದೇವರು ಒಂದು ಕೆಂಪು ದೀಪ ಇಟ್ಟಿದ್ದಾನೆ. ಜನ ನಗುತ್ತಾರೆಂದು ನಾವೇ ಅದರ ಮೇಲೆ ಟೇಪು ಎಳೆದಿದ್ದೇವೆ. ಇಂದು ಮನೆಗೆ ಹೋದ ಮೇಲೆ, ನಿಮ್ಮ ಕೈಯೇಟಿನ ಅಳತೆಯಲ್ಲಿ ಬದುಕುವವರು ಯಾರಾದರೂ ಇದ್ದರೆ, ಅವರೆದುರು ಕೂತು ಆ ಟೇಪಿಗೆ ನೀವೇ ಉಗುರು ಹಾಕಿ. ದೀಪ ಕೆಂಪಾದಾಗ, ಗೆಲ್ಲುತ್ತಿದ್ದರೂ ಸರಿಯೇ, ದಯವಿಟ್ಟು ಕಾಲು ತೆಗೆಯಿರಿ.