ನನ್ನ ಮದುವೆಯ ಕ್ಯಾಸೆಟ್ಟಿನಲ್ಲಿ ಅವ್ವ

ನಮ್ಮವ್ವ ಹೊಳಿಯವ್ವ ಬ್ಯಾಡಗಿಯ ಅಂಗಡಿಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ನಮ್ಮಿಬ್ಬರನ್ನು ದೊಡ್ಡವರನ್ನಾಗಿ ಮಾಡಿದಳು. ಬಾಯಿ ಜೋರು; ಉಣ್ಣಲು ನೀಡುವಾಗ ಮಾತ್ರ ಕೈ ಧಾರಾಳ. ಅಕ್ಕ ಮುತ್ತವ್ವನ ಮದುವೆಯಲ್ಲಿ ಅಪ್ಪ ಇನ್ನೂ ಇದ್ದ. ಹೀಗಾಗಿ ಅವಳನ್ನು ಗಂಡನ ಮನೆಗೆ ಕಳಿಸುವಾಗ ಅವ್ವನೇ ಉಡಿ ತುಂಬಿದಳು. 2004ರಲ್ಲಿ ನನ್ನನ್ನು ಅಗಡಿಗೆ ಕೊಟ್ಟಾಗ ಅಪ್ಪ ಇರಲಿಲ್ಲ. ಕುಂಕುಮ ಅಳಿಸಿಕೊಂಡ ಅವ್ವ ಹಂದರದೊಳಗೆ ಕಾಲಿಡಲಿಲ್ಲ. ನಾನು ಅತ್ತು ಕರೆದೆ.

"ನಿನ್ನ ಬಾಳೇವು ಚಲೋ ಆಗ್ಲಿ, ಸುಮ್ನಿರವ್ವಾ" ಎಂದು ಅಡಿಗೆಮನೆ ಸೇರಿದಳು. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಎಲ್ಲವನ್ನೂ ಅಕ್ಕನೇ ನನ್ನ ಉಡಿಗೆ ಹಾಕಿದಳು.

ಅವ್ವ ತೀರಿಕೊಂಡ ಮೇಲೆ ಮದುವೆಯ ಸಿಡಿ ಹಾಕಿ ಹಾಕಿ ನೋಡಿದೆ. ಎಲ್ಲಿ ನೋಡಿದರೂ ಅಕ್ಕನೇ ಅಕ್ಕ! ಅವ್ವನ ಸೆರಗಿನ ತುದಿಯೂ ಇಲ್ಲ. ಹೊಟ್ಟೆ ಉರಿದುಹೋಯಿತು. ಅವಳಿಗೆ ಅವ್ವ ಉಡಿಯನ್ನೂ ತುಂಬಿದಳು, ನನ್ನ ಮದುವೆಯಲ್ಲಿ ತನ್ನ ಜಾಗವನ್ನೂ ಕೊಟ್ಟಳು. ನನಗೇನು ಸಿಕ್ಕಿತು, ಮಣ್ಣು!

ವಿಡಿಯೋ ತೆಗೆದ ಗೂಡುಸಾಬನನ್ನು ಕೇಳಲು ರಾಣೆಬೆನ್ನೂರಿಗೆ ಹೊರಟೆ. ಅಕ್ಕ ತಾನೂ ಬೆನ್ನು ಹತ್ತಿದಳು. ಅಲ್ಲಿಗೂ ಬರಬೇಕು ಇವಳು!

"ನಮ್ಮವ್ವ ಎಲ್ಲೂ ಇಲ್ಲೇನ್ರಿ ಸಾಬರ?"

ಗೂಡುಸಾಬ ತಲೆ ಕೆರೆದುಕೊಂಡ. "ಇದ್ರವ್ವಾ. ಮಂಗಳ ಕಾರ್ಯದಾಗ ವಿಧವಿ ಕಂಡ್ರ ಬೀಗರು ಬೈತಾರಂತ ನಾನ ಕಟ್ ಮಾಡೀನಿ. ಮೂಲ ಕ್ಯಾಸೆಟ್ನ್ಯಾಗ ಅದಾರ."

"ನಿಮ್ಮ ಶಾಣ್ಯಾತನಕ್ಕಿಷ್ಟು ಬೆಂಕಿ ಹಚ್ಚಲಿ! ಲಗೂ ಹಾಕ್ರಿ" ಎಂದೆ.

ಟಿವಿಯಲ್ಲಿ ಅಡಿಗೆಮನೆ ಬಾಗಿಲು ಬಂತು. ಅಕ್ಕ ಸೆರಗೊಡ್ಡಿ ನಿಂತಿದ್ದಾಳೆ. ಅವ್ವ ಬೊಗಸೆ ತುಂಬ ಅಕ್ಕಿ ಸುರಿಯುತ್ತಿದ್ದಾಳೆ. "ಇದನ್ನ ಆಕಿ ಉಡ್ಯಾಗ ಹಾಕು. ಹಾಕಿದ ಮ್ಯಾಲ ನನ್ನ ಪರವಾಗಿ ಹಿಂಗ ಮಾಡು" ಎಂದವಳೇ ಅಕ್ಕನ ಎರಡೂ ಕೆನ್ನೆ ಸವರಿ, ತನ್ನ ಹಣೆಗೆ ಬೆರಳೊತ್ತಿ ಲಟಲಟನೆ ಲಟಿಕೆ ಮುರಿದಳು.

ನಾನು ಅಕ್ಕನ ಕಡೆ ತಿರುಗಿದೆ. "ಅಕ್ಕಿ ಅಷ್ಟ ಹಾಕಿದಿ. ಇದನ್ನ ನುಂಗಿಬಿಟ್ಟೆಲ್ಲ!"

"ಗದ್ದಲದಾಗ ಮರತೆ, ತಂಗೀ. ಆಮ್ಯಾಲ ಹೇಳಾಕ ಬಾಯಿ ಬರ್ಲಿಲ್ಲ." ಅಳುತ್ತಲೇ ನನ್ನ ಮುಖಕ್ಕೆ ಕೈ ತಂದಳು. ಫಟ್ಟನೆ ತಳ್ಳಿದೆ. ಅವಳ ಕೆನ್ನೆಯನ್ನು ಅವ್ವ ಸವರಿದ್ದಳು. ನನ್ನದನ್ನು ಸವರಿರಲಿಲ್ಲ.

ಸ್ವಲ್ಪ ಹೊತ್ತಿಗೆ ನಾನೇ ಅವಳ ಮುಂದೆ ಮುಖ ಒಡ್ಡಿದೆ. ಹೊಟ್ಟೆಕಿಚ್ಚೇನೂ ಹೋಗಿರಲಿಲ್ಲ. ಆದರೆ ಅವ್ವ ನನಗೆಂದು ಕಳಿಸಿದ್ದು ಆ ಕೈಯಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.