ಕರಡಿಗೆ ಬಡಿಯುತ್ತದೆ ಎಂದವನು

ನಮ್ಮ ಜಹೀರಾಬಾದಿನ ಬ್ಯಾಡ್ಮಿಂಟನ್ ಹಾಲ್ ಮೊದಲು ಶುಂಠಿಯ ಗೋದಾಮಾಗಿತ್ತು. ಮಳೆಗಾಲದಲ್ಲಿ ಗೋಡೆ ಹಸಿಯಾದರೆ ಇವತ್ತಿಗೂ ಆ ವಾಸನೆ ಬರುತ್ತದೆ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಾವು ಒಂದಿಷ್ಟು ಜನ ಅಲ್ಲಿ ಆಡುತ್ತೇವೆ. ನನ್ನದು ಕನ್ನಡಕದ ಅಂಗಡಿ. ಉಳಿದವರಲ್ಲಿ ಬೀಜ-ಗೊಬ್ಬರದವರು, ಮಾಸ್ತರರು, ಬಟ್ಟೆಯವರು. ಹೆಚ್ಚಿನವರು ನಮ್ಮ ಪೈಕಿಯೇ, ಕೊರಳಲ್ಲಿ ಲಿಂಗ ಕಟ್ಟಿದವರು.

ಸತ್ತವನು ಗೊಬ್ಬರದ ಅಂಗಡಿಯವನು. ವಯಸ್ಸು ಐವತ್ತು ಮುಟ್ಟಿರಲಿಲ್ಲ. ನಾನು ಕಂಡಷ್ಟನ್ನೇ ಬರೆಯುತ್ತೇನೆ. ಕಾಣದ್ದನ್ನು ಹೇಳಿದವರು ಊರಲ್ಲಿ ಬೇಕಾದಷ್ಟಿದ್ದಾರೆ.

ಅವನು ನೆಟ್ಟಿನ ಆಚೆ, ನನಗೆ ಎದುರಾಗಿದ್ದ. ಅವನ ಜೊತೆ ಆಡುತ್ತಿದ್ದವರು ವರ್ಗವಾಗಿ ಬಂದಿದ್ದ ಒಬ್ಬ ಸರ್ಕಾರಿ ನೌಕರರು. ನಾನು ಷಟಲನ್ನು ಎತ್ತರಕ್ಕೆ ಹೊಡೆದೆ. ಅದನ್ನು ಕೆಳಗೆ ಬಡಿಯಲು ಅವನು ಕೈ ಎತ್ತಿದ, ಆದರೆ ಬಡಿಯಲಿಲ್ಲ. ಷಟಲ್ ಅವನ ಹಿಂದೆ ಬಿತ್ತು. ಗೆರೆಯ ಆಚೆ ಹೋಗುತ್ತದೆಂದು ಬಿಟ್ಟನೇನೋ ಎಂದು ನಾವು ನಕ್ಕೆವು. ಅವನು ಮೊಣಕಾಲೂರಿದ, ಆಮೇಲೆ ಒಂದು ಮಗ್ಗುಲಿಗೆ ವಾಲಿದ.

ನೌಕರರೇ ಮೊದಲು ಹತ್ತಿರ ಹೋದರು. ಅವನನ್ನು ಅಂಗಾತ ಮಾಡಿ, ಮುಖ ನೋಡಿ, ಅಂಗಿಯ ಗುಂಡಿ ಬಿಚ್ಚಿದರು. ಲಿಂಗವಿಡುವ ಬೆಳ್ಳಿಯ ಕರಡಿಗೆ ಸರಿಯಾಗಿ ಎದೆಯ ನಡುವೆ ಇತ್ತು. ಎದೆ ಒತ್ತಬೇಕೆಂದರೆ ಅದನ್ನು ಪಕ್ಕಕ್ಕೆ ಸರಿಸಬೇಕು. ಅವರು ಸರಿಸಲು ಕೈಹಾಕಿದಾಗ ಬದಿಯ ಕೋರ್ಟಿನಿಂದ ಓಡಿಬಂದ ಅವನ ಅಣ್ಣ ಅವರ ಮಣಿಕಟ್ಟು ಹಿಡಿದರು.

“ಲಿಂಗ ಮುಟ್ಟಬ್ಯಾಡ.”

“ಖಾಲಿ ಬಾಜೂಕ ಸರಸ್ತೀನ್ರಿ, ತೆಗಿಯೂದಿಲ್ಲ.”

ಅಣ್ಣ ಕೈ ಬಿಡಲಿಲ್ಲ. ಅವನನ್ನು ಆಸ್ಪತ್ರೆಗೆ ಒಯ್ಯಲು ನಾನು ನನ್ನ ಜೀಪಿನ ಬೀಗದ ಕೈಗಾಗಿ ಗೋಡೆಯ ಮೊಳೆಯ ಕಡೆ ತಿರುಗಿದೆ. ಮತ್ತೆ ನೋಡಿದಾಗ ಕರಡಿಗೆ ಹೆಗಲ ಮೇಲಿತ್ತು, ನೌಕರರು ಎದೆ ಒತ್ತುತ್ತಿದ್ದರು. ನಡುವೆ ಏನಾಯಿತೆಂದು ನಾನು ನೋಡಿಲ್ಲ.

ಆಸ್ಪತ್ರೆಗೆ ಮುಟ್ಟುವ ಮೊದಲೇ ಜೀವ ಹೋಗಿತ್ತಂತೆ. ಹೃದಯ ನಿಂತಿದೆ ಎಂದರು. ದೇಹ ಕೊಯ್ಯಿಸಲು ಮನೆಯವರು ಒಪ್ಪಲಿಲ್ಲ. ಅಂದೇ ಸಂಜೆ ಅಂಗೈಯಲ್ಲಿ ಲಿಂಗವಿಟ್ಟು ಕೂಡಿಸಿ ಮಣ್ಣು ಮಾಡಿದೆವು. ಸಾವಿಗೆ ಹೃದಯ ಎಂಬ ಒಂದೇ ಉತ್ತರ ಸಾಲದವರಿಗೆ ಬೇರೆ ಉತ್ತರ ಹುಡುಕಲು ದಾರಿ ತೆರೆದಿತ್ತು.

ಮೊದಲು ಹೊಸದಾಗಿ ಹಾಸಿದ ಹಸಿರು ಮ್ಯಾಟಿನ ಅಂಟಿನ ಮೇಲೆ ಶಕ್ ಬಂತು, ಅದರ ವಾಸನೆಯೇ ಕೊಂದಿತೆಂದರು. ಆಮೇಲೆ ಕೊರೋನಾ ಸೂಜಿಯ ಮೇಲೆ. ಆದರೆ ಅಂಟನ್ನಾಗಲಿ ಸೂಜಿಯನ್ನಾಗಲಿ ಹಿಡಿದು ನಿಲ್ಲಿಸಿ ಕೇಳಲು ಬರುವುದಿಲ್ಲ. ಮನುಷ್ಯನನ್ನು ಕೇಳಬಹುದು.

ಆ ನೌಕರರು ಬಶೀರಾಬಾದ್ ಕಡೆಯ ಹಳ್ಳಿಯವರು, ಬೌದ್ಧರಾದ ದಲಿತ ಮನೆತನದವರು. ಮೊದಲು ತಾಂಡೂರಿನಲ್ಲಿದ್ದರು, ಆಮೇಲೆ ನಾರಾಯಣಖೇಡದಲ್ಲಿ, ಅಲ್ಲಿಂದ ನಮ್ಮಲ್ಲಿಗೆ. ಎಲ್ಲಿ ಹೋದರೂ ಅಲ್ಲಿಯ ಹಾಲ್‌ಗೆ ಸೇರುತ್ತಿದ್ದರು. ಹಿಂದಿನ ಎರಡೂ ಊರುಗಳಲ್ಲಿ ಒಬ್ಬೊಬ್ಬರು ಆಡುತ್ತಲೇ ಕುಸಿದು ಸತ್ತದ್ದನ್ನು ನಮಗೆ ಹೇಳಿದವರೂ ಅವರೇ. ಸೇರಿದ ಹೊಸತರಲ್ಲಿ ಬೆಂಚಿನ ಮೇಲೆ ಕುಳಿತು, ಎದೆ ಹಿಡಿದಂತಾದರೆ ಆಟ ನಿಲ್ಲಿಸಿ ಎಂದು ಎಲ್ಲರಿಗೂ ಹೇಳಿದ್ದರು. ಆಗ ಅದು ಬುದ್ಧಿಮಾತಾಗಿತ್ತು. ಈಗ ಅದೇ ಮಾತು ಸಾಕ್ಷಿಯಾಯಿತು.

“ತಾಂಡೂರಿನ್ಯಾಗ ಒಬ್ಬ, ಖೇಡದಾಗ ಒಬ್ಬ, ಇಲ್ಲಿ ನನ್ನ ತಮ್ಮ,” ಎಂದರು ಅಣ್ಣ. “ಮೂರೂ ಕಡಿ ಇಂವನೇ ಹೆಂಗ ಇದ್ದ? ಹೇಳ್ರಿ ಯಾರರ.”

ಒಬ್ಬರು ಕಾಲ್ಗುಣ ಎಂದರು. ಇನ್ನೊಬ್ಬರು ಅವರ ಸ್ಟೀಲಿನ ಜಗ್ಗಿನ ಮಾತೆತ್ತಿದರು. ನಿಂಬೆಹಣ್ಣು, ಬೆಲ್ಲ, ಉಪ್ಪು ಕಲಸಿದ ಪಾನಕವನ್ನು ಅವರು ದಿನವೂ ತರುತ್ತಿದ್ದರು, ನಾವೆಲ್ಲ ಕುಡಿಯುತ್ತಿದ್ದೆವು. ಅಂದು ಸತ್ತವನೂ ಕುಡಿದಿದ್ದ. ಕುಡಿಯುವುದನ್ನು ನಾನೂ ನೋಡಿದ್ದೆ, ನಾನೂ ಕುಡಿದಿದ್ದೆ.

ಮುಂದೆ ಅವರು ಜಗ್ಗು ತಂದರೆ ಯಾರೂ ಲೋಟ ಎತ್ತಲಿಲ್ಲ. ಜೋಡಿ ಕಟ್ಟುವಾಗ ಪ್ರತಿಯೊಬ್ಬರಿಗೂ ಬೂಟಿನ ದಾರ ಕಟ್ಟುವ ಕೆಲಸ ಬೀಳುತ್ತಿತ್ತು. ಅವರು ಸ್ವಲ್ಪ ಹೊತ್ತು ಗೋಡೆಗೆ ಷಟಲ್ ಬಡಿದು ಹೊರಟು ಹೋಗುತ್ತಿದ್ದರು. ಕೆಲವು ದಿನಗಳ ಮೇಲೆ ಬರುವುದನ್ನೇ ಬಿಟ್ಟರು. “ನೋಡ್ರಿ, ತಪ್ಪು ಇಲ್ಲಾಂದ್ರ ಯಾಕ ಬಿಡ್ತಿದ್ದ?” ಎಂದರು ಅಣ್ಣ.

ಪೊಲೀಸರ ಬಳಿ ಹೋಗುವುದೆಂದು ಅಣ್ಣ ನಿಶ್ಚಯಿಸಿದ್ದರು. ಸರ್ಕಾರಿ ನೌಕರನ ಮೇಲೆ ಅಂಥ ದೂರು ಬಿದ್ದರೆ ಆತನ ಕೆಲಸ, ಮಾನ ಎರಡೂ ನೀರು ಪಾಲು. ಹೋಗುವ ಮುಂಚೆ ಉಳಿದೆರಡು ಊರುಗಳ ಸಂಗತಿ ಕೈಯಲ್ಲಿರಲಿ ಎಂದು ನನ್ನನ್ನು ಜೊತೆಗೆ ಕರೆದರು. ನೀನು ಎದುರಿಗಿದ್ದವನು, ನಿನ್ನ ಮಾತಿಗೆ ತೂಕ ಇರುತ್ತದೆ ಎಂದರು. ನಾನು ಹೋದೆ. ನನಗೂ ಶಕ್ ಇತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ರಾಯಿಕೋಡ್ ಮೇಲಿಂದ ಮೊದಲು ಖೇಡಕ್ಕೆ ಹೋದೆವು. ಅಲ್ಲಿ ಸತ್ತವನ ಮನೆಯಲ್ಲಿ ನಮಗೆ ಚಹಾ ಕೊಟ್ಟರು, ಮಾಹಿತಿ ಕೊಡಲಿಲ್ಲ. ಸತ್ತವನ ಮಾವ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ನೀವು ಇನ್ಶೂರೆನ್ಸ್ ಕಡೆಯವರೇ ಎಂದು ತೆಲುಗಿನಲ್ಲಿ ಕೇಳಿದ. ಅಲ್ಲವೆಂದರೆ ನಂಬಲಿಲ್ಲ. ಅಳಿಯನಿಗೆ ಯಾವ ರೋಗವೂ ಇರಲಿಲ್ಲ, ಬರೆದುಕೊಳ್ಳಿ ಎಂದ. ನಮ್ಮ ಕೈಯಲ್ಲಿ ಪೆನ್ನೂ ಇರಲಿಲ್ಲ.

ಮತ್ತೊಂದು ದಿನ ತಾಂಡೂರಿಗೆ. ಪೆದ್ದೆಮುಲ್ ದಾಟಿದ ಮೇಲೆ ತೊಗರಿ ಹೊಲಗಳ ನಡುವೆ ಕಲ್ಲಿನ ಲಾರಿಗಳು ಎದುರಾಗತೊಡಗಿದವು. ಸತ್ತವರು ಕಲ್ಲು ಪಾಲಿಷ್ ಮಾಡಿಸುವ ಕಾರ್ಖಾನೆ ನಡೆಸಿದವರು. ಅವರ ಹೆಂಡತಿ ಬೂದುಕಲ್ಲಿನ ಚಪ್ಪಡಿಗಳ ನಡುವೆ ಕುರ್ಚಿ ಹಾಕಿ ಕೂಡಿಸಿದರು. ಈಗ ಕಾರ್ಖಾನೆ ನೋಡಿಕೊಳ್ಳುವವರು ಅವರೇ. ಅಣ್ಣ ಸುತ್ತುಬಳಸಿ ನೌಕರರ ವಿಷಯ ತೆಗೆದರು. ಅವನು ಕೊಟ್ಟದ್ದನ್ನು ನಿಮ್ಮ ಯಜಮಾನರು ಏನಾದರೂ ಕುಡಿದಿದ್ದರೇ ಎಂದು ಕೇಳಿದರು.

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ನಿಧಾನವಾಗಿಯೇ ಹೇಳಿದರು. ಯಜಮಾನರಿಗೆ ಎಡ ಹೆಗಲು ಹಿಡಿಯುತ್ತಿತ್ತಂತೆ. ಬೆಳಿಗ್ಗೆಯೆಲ್ಲ ಚಪ್ಪಡಿ ತಿರುವುತ್ತೇನೆ, ಅದರ ನೋವು ಎಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರಂತೆ. ಆ ನೌಕರರೇ ಒಮ್ಮೆ ಹಟ ಮಾಡಿ ತಮ್ಮ ಮೋಟರ್‌ಸೈಕಲ್ ಮೇಲೆ ಡಾಕ್ಟರ ಹತ್ತಿರ ಒಯ್ದಿದ್ದರು. ಡಾಕ್ಟರು ಹೃದಯದ ತಪಾಸಣೆಗೆ ಹೇಳಿದರು. ಇವರು ಶ್ರಾವಣ ಮುಗಿಯಲಿ ಎಂದರು.

“ಮತ್ತ ಅವರು ಸತ್ತ ದಿನ ಅಂವ ಊರಾಗೇ ಇದ್ದಿಲ್ರಿ,” ಎಂದರು ಆಕೆ. “ಬ್ಯಾರೆಯವರು ಫೋನ್ ಮಾಡಿ ತಿಳಿಸಿದ್ರು. ನೀವು ಏನು ಹುಡುಕಾಕ ಬಂದೀರಿ?”

ಹಿಂದಿರುಗುವಾಗ ಅಣ್ಣ, ಆ ಹೆಣ್ಣುಮಗಳಿಗೆ ಅವನೇ ಹೀಗೆ ಹೇಳಲು ಕಲಿಸಿರಬಹುದು ಎಂದರು. ನನಗೆ ಮಾತ್ರ ಆಕೆಯ ಮಾತಿನಲ್ಲಿ ಹೆಗಲಿನದೊಂದೇ ತಲೆಯಲ್ಲಿ ನಿಂತಿತ್ತು.

ನಮ್ಮ ಗೊಬ್ಬರದ ಅಂಗಡಿಯವನೂ ಮಳೆಗಾಲದಿಂದ ಎದೆ ತಿಕ್ಕಿಕೊಳ್ಳುತ್ತಿದ್ದ. ಜಿಗಿದಾಗ ಕರಡಿಗೆ ಎದೆಗೆ ಬಡಿಯುತ್ತದೆ ಎನ್ನುತ್ತಿದ್ದ. ನಾವು ಒಬ್ಬರೂ ಸಂಶಯಪಡಲಿಲ್ಲ, ಏಕೆಂದರೆ ಅದು ಬಡಿಯುವುದು ನಿಜ. ಲಿಂಗ ಕಟ್ಟಿಕೊಂಡು ಆಡುವ ಪ್ರತಿಯೊಬ್ಬನಿಗೂ ಆ ಏಟು ಗೊತ್ತು. ನನ್ನ ಎದೆಯ ಮೇಲೂ ಅದರ ಕಲೆಯಿದೆ. ಬೇರೆ ಯಾವ ಜನರಾಗಿದ್ದರೂ ಎದೆನೋವು ಎಂದ ಕೂಡಲೇ ಹೆದರುತ್ತಿದ್ದರು. ನಮ್ಮ ಕೈಯಲ್ಲಿ ಕಾರಣ ಸಿದ್ಧವಿತ್ತು. ಆಟದಲ್ಲಿ ಪಾರ್ಟಿ ಬದಲಿಸು, ದೇವರು ನಿನ್ನ ಎದುರಾಳಿಯ ಕಡೆ ಇದ್ದಾನೆ ಎಂದು ಮಾಸ್ತರರೊಬ್ಬರು ನಗಿಸಿದ್ದರು. ಅವನು ಹಗುರ ಕರಡಿಗೆ ಮಾಡಿಸಿದ. ನೋವು ಹೋಗಲಿಲ್ಲ. ದಾರ ಗಿಡ್ಡ ಮಾಡಿದ. ಆಗಲೂ ಹೋಗಲಿಲ್ಲ. ನೌಕರರು ಎರಡು ಸಲ ಡಾಕ್ಟರ ಮಾತೆತ್ತಿದಾಗ, “ನಿಮಗ ಇದರ ವಜನ್ ಏನ್ ಗೊತ್ತ್ರಿ ಸಾಹೇಬ್ರ?” ಎಂದುಬಿಟ್ಟ. ಎಲ್ಲರೂ ನಕ್ಕರು. ನೌಕರರು ಮತ್ತೆ ಆ ಮಾತು ಎತ್ತಲಿಲ್ಲ.

ದೂರು ಕೊಡುವ ಮುನ್ನಾದಿನ ಸತ್ತವನ ಹೆಂಡತಿ ನನ್ನನ್ನು ಮನೆಗೆ ಕರೆಸಿದಳು. ಆಕೆಗೆ ಭಾವನಾದ ಅಣ್ಣನೂ ಅಲ್ಲೇ ಕುಳಿತಿದ್ದರು. ಎಲ್ಲರೂ ಒಂದೊಂದು ಹೇಳುತ್ತಾರೆ, ನೀವು ಎದುರಿಗಿದ್ದಿರಿ, ಮೊದಲಿನಿಂದ ಹೇಳಿ ಎಂದಳು. ನಾನು ಷಟಲ್ ಎತ್ತಿದ್ದರಿಂದ ಆರಂಭಿಸಿದೆ. ಮಣಿಕಟ್ಟು ಹಿಡಿದ ಮಾತಿನ ಹತ್ತಿರ ಬಂದಾಗ ಅಣ್ಣ ನೆಲ ನೋಡುತ್ತಿದ್ದರು. ಅದನ್ನೂ ಹೇಳಿದೆ. ಅವರು ಹಿಡಿದದ್ದು ಲಿಂಗವನ್ನು ಪರರು ಮುಟ್ಟಬಾರದೆಂದೋ, ಮುಟ್ಟುವ ಕೈ ಆ ಮನುಷ್ಯನದೆಂದೋ, ಅದು ನನಗೆ ತಿಳಿಯದು. ತಿಳಿಯದ್ದನ್ನು ಹೇಳಲಿಲ್ಲ. ಆಮೇಲೆ ಕರಡಿಗೆಯ ನೋವಿನ ಮಾತು ಹೇಳಿದೆ.

ಆಕೆ ತಲೆ ಎತ್ತಿದಳು. “ಆಟದಾಗ ಅಷ್ಟೇ ಅಲ್ರಿ. ಮಾಳಗಿ ಮೆಟ್ಟಲ ಹತ್ತಿದ್ರೂ ಎದಿ ಹಿಡಕೋತಿದ್ರು. ಮೆಟ್ಟಲ ಮ್ಯಾಲ ಕರಡಿಗಿ ಎಲ್ಲಿ ಬಡೀತದ? ನಾ ಗ್ಯಾಸ್ ಅಂತ ಓಂಕಾಳ ಕೊಡ್ತಿದ್ದೆ.”

ಆಕೆ, ಪೊಲೀಸರ ಕಡೆ ಹೋಗುವುದಾದರೆ ಮೊದಲು ನನ್ನನ್ನೂ ಹಿಡಿದು ಕೊಡಿ ಎಂದು ಭಾವನಿಗೆ ಹೇಳಿ ಒಳಗೆ ಹೋದಳು. ದೂರಿನ ಮಾತು ಅಲ್ಲಿಗೆ ಮುಗಿಯಿತು.

ಅಂಗಳಕ್ಕೆ ಬಂದಾಗ ಅಣ್ಣ ನನ್ನ ಹಿಂದೆಯೇ ಬಂದರು.

“ಎಷ್ಟೊತ್ತು ಹಿಡದಿದ್ದೆ ನಾ?”

ನೋಡಿಲ್ಲ, ಬೀಗದ ಕೈಗೆ ತಿರುಗಿದ್ದೆ ಎಂದೆ.

“ಅಂದಾಜು ಹೇಳು.”

ಅಂದಾಜು ನನ್ನಲ್ಲಿ ಇರಲಿಲ್ಲ. ಕಡಿಮೆ ಹೇಳಿದರೆ ಅವರು ನಂಬುತ್ತಿರಲಿಲ್ಲ. ಹೆಚ್ಚು ಹೇಳಿದರೆ ನಂಬಿಬಿಡುತ್ತಿದ್ದರು.

ಅಲ್ಲಿಂದ ಅವರು ದಿನಕ್ಕೊಬ್ಬರನ್ನು ಹಿಡಿದು ಅದನ್ನೇ ಕೇಳತೊಡಗಿದರು. ನೀರು ತಂದವನನ್ನು, ಫ್ಯಾನ್ ಹಾಕಿದವನನ್ನು. ಎಲ್ಲರೂ ಬೇರೆ ಬೇರೆ ಹೇಳಿದರು. ಕಡಿಮೆ ಹೊತ್ತು ಎಂದವರ ಮೇಲೆ, ನನ್ನನ್ನು ಕಾಪಾಡುತ್ತಿದ್ದೀರಿ ಎಂದು ಸಿಟ್ಟಾದರು. ಆ ಹೊತ್ತಿಗೆ ಅವರು ಸೊರಗಿದ್ದರು. ನನ್ನ ಅಂಗಡಿಗೆ ಬಂದು ಕನ್ನಡಕ ಬದಲಿಸಬೇಕೆಂದು ಕೂತರೆ ಅಕ್ಷರದ ಫಲಕ ನೋಡುತ್ತಿರಲಿಲ್ಲ.

ಕೊನೆಗೆ ನಾನು ನೌಕರರ ಮನೆಗೆ ಹೋದೆ. ಅವರು ನನ್ನನ್ನು ಒಳಗೆ ಕರೆಯಲು ಯೋಚಿಸಿದರು, ಆಮೇಲೆ ಕರೆದರು. ಯಾರು ಕಳಿಸಿದ್ದು ಎಂದು ಕೇಳಿದರು. ಯಾರೂ ಅಲ್ಲ ಎಂದೆ. ದೂರು ಇಲ್ಲವೆಂದು ತಿಳಿಸಿದೆ. ಅವರ ಮುಖ ಬದಲಾಗಲಿಲ್ಲ. ಅಣ್ಣನ ಪ್ರಶ್ನೆಯನ್ನು ಅವರ ಮುಂದಿಟ್ಟೆ. ಅವರು ತಮ್ಮ ಬಲಗೈ ಮಣಿಕಟ್ಟನ್ನು ಒಮ್ಮೆ ನೋಡಿಕೊಂಡರು.

“ತಾಂಡೂರಿನ್ಯಾಗ ಯಾರೂ ಕೈ ಹಿಡದಿಲ್ರಿ, ಸುರುವಿನಿಂದ ಎದಿ ಒತ್ತಿದ್ರಂತ. ಆದ್ರೂ ಹೋದ್ರು. ಖೇಡದಾಗ ನಾನೇ ಒತ್ತಿದೆ, ಅಂವನೂ ಹೋದ. ಇದು ಅವರಿಗಿ ಹೇಳ್ರಿ.”

ಅದು ಸಮಾಧಾನದ ಮಾತೋ, ಅವರು ನಿಜವಾಗಿ ನಂಬಿದ್ದೋ, ದನಿಯಿಂದ ಗೊತ್ತಾಗಲಿಲ್ಲ. ನಾನು ಹೋಗಿ ಅಣ್ಣನಿಗೆ ಹಾಗೆಯೇ ಹೇಳಿದೆ, ಒಂದು ಮಾತು ಕೂಡಿಸದೆ, ಕಳೆಯದೆ. ಅವರು ಹಣೆ ಗಂಟು ಹಾಕಿ ಕೇಳಿದರು.

“ಅಂವ ಹಾಂಗ ಯಾಕ ಅಂದ?”

“ನನಗ ಗೊತ್ತಿಲ್ರಿ.”

“ನಾವು ಇಷ್ಟೆಲ್ಲ ಮಾಡಿದ ಮ್ಯಾಲ ಅಂವಗ ಏನು ಬೇಕಾಗ್ಯಾದ ಹಾಂಗ ಅನ್ನಾಕ?”

ಅವರನ್ನೇ ಕೇಳಿ ಎಂದೆ. ಅಣ್ಣ, ಮನೆ ಯಾವ ಓಣಿಯಲ್ಲಿದೆ ಎಂದು ಕೇಳಿದರು. ಹೇಳಿದೆ. ಬಾಗಿಲು ಯಾವ ಕಡೆಗೆ ಎಂದರು. ಅದನ್ನೂ ಹೇಳಿದೆ. ಈ ಹೊತ್ತಿನಲ್ಲಿ ಅವನು ಮನೆಯಲ್ಲಿ ಇರುತ್ತಾನೋ ಇಲ್ಲವೋ ಎಂದು ತಮ್ಮಷ್ಟಕ್ಕೆ ಅನ್ನುತ್ತ ಚಪ್ಪಲಿ ಮೆಟ್ಟಿದರು. ನಾನು ಜೊತೆಗೆ ಏಳಹೋದೆ. ಬೇಡವೆಂದು ಕೈ ಸನ್ನೆ ಮಾಡಿದರು.