ಸುಮತಿ ಕಾರು ಹತ್ತಿಬಿಟ್ಟಳು

ಗೆಳೆಯರೇ, ಇವತ್ತು ಟಿಕೆಟ್ ತೆಗೆದು ಒಂದು ಹಳೇ ಜಗಳವನ್ನು ಮುಗಿಸಿ ಬಂದೆ. ಅದೇ ತಪ್ಪಾಯಿತು.

ಗಂಡನ ಮನೆ ಬಿಟ್ಟ ಸುಮತಿ ಬಸ್ ನಿಲ್ದಾಣದಲ್ಲಿ ಕೂತಲ್ಲಿಗೇ ನಮ್ಮ ಮೆಚ್ಚಿನ ಧಾರಾವಾಹಿ ವರ್ಷಗಳ ಹಿಂದೆ ನಿಂತುಹೋಗಿತ್ತು. ಅಂದಿನಿಂದ ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ವಸತಿ ಸೊಸೈಟಿಯ ಬೆಂಚಿನ ಮೇಲೆ, ದಿನಾ ಸಂಜೆ ಮೆಂತ್ಯ ಸೊಪ್ಪು ಬಿಡಿಸುತ್ತಾ, ಕುಂದಾಪುರದ ನನ್ನಮ್ಮನಿಗೂ ಪಕ್ಕದ ಮನೆಯ ವಿಜಯಪುರದ ನೀಲವ್ವನಿಗೂ ಅದೇ ವಾದ. ಸುಮತಿ ವಾಪಸು ಹೋಗುವುದಿಲ್ಲ ಎಂದು ಅಮ್ಮ, ಹೋಗೇ ಹೋಗುತ್ತಾಳೆ ಎಂದು ನೀಲವ್ವ.

ಈಗ ಆ ಧಾರಾವಾಹಿಯ ಮುಂದಿನ ಕಥೆ ಸಿನಿಮಾ ಆಗಿದೆ. ಇಬ್ಬರನ್ನೂ ಸೀವುಡ್ಸ್ ಮಾಲ್‌ನ ಥಿಯೇಟರಿಗೆ ಕರೆದೊಯ್ದು ತೋರಿಸಿದೆ. ಬಸ್ ನಿಲ್ದಾಣಕ್ಕೆ ಗಂಡ ಬಂದ, ಕ್ಷಮೆ ಕೇಳಿದ, ಹಾಡು ಶುರುವಾಯಿತು, ಸುಮತಿ ಅವನ ಕಾರು ಹತ್ತಿದಳು. ಅಷ್ಟೇ.

ಸಂಜೆ ಬೆಂಚಿನ ಮೇಲೆ ಇಬ್ಬರೂ ಸೊಪ್ಪು ಬಿಡಿಸಿದರೇ ಹೊರತು ವಾದಕ್ಕಿಳಿಯಲಿಲ್ಲ. ಕೊನೆಗೆ, ವಾದ ಗೆದ್ದ ನೀಲವ್ವನೇ ತಡೆಯಲಾರದೆ, "ಅಂವ ಮತ್ತ ಕಾಡೇ ಕಾಡ್ತಾನ್ರಿ ಅಕ್ಕಾರ. ಅಕಿ ಮತ್ತ ಮನಿ ಬಿಟ್ಟ ಬರ್ತಾಳ ನೋಡ್ರಿ" ಎಂದಳು.

ಅಮ್ಮ ತಲೆ ಎತ್ತಲಿಲ್ಲ. "ಇನ್ನೆಂತ ಮಾತಾಡುದು ನೀಲವ್ವ? ಅವಳು ಕಾರು ಹತ್ತಿದ್ದನ್ನ ನಾವೇ ಕಣ್ಣಾರೆ ಕಂಡಾಯ್ತಲ್ಲ."

ಸೊಪ್ಪು ಬೇಗ ಮುಗಿಯಿತು. ಇನ್ನೂ ಬೆಳಕಿರುವಾಗಲೇ ಇಬ್ಬರೂ ತಂತಮ್ಮ ಮನೆ ಸೇರಿಕೊಂಡರು.

ಧಾರಾವಾಹಿಯನ್ನು ಅರ್ಧಕ್ಕೇ ನಿಲ್ಲಿಸಿದ ಚಾನೆಲ್‌ನವರಿಗೆ ಅಂದು ಹಿಡಿಶಾಪ ಹಾಕಿದ್ದೆ. ಅವರು ಪುಣ್ಯಾತ್ಮರು ಎಂದು ಇವತ್ತು ಗೊತ್ತಾಯಿತು.